ತೂಕ ಮೊದಲು, ಚಿತ್ರ ಆಮೇಲೆ: ಗಾಲ್ ಬೆಳ್ಳಿ ನಾಣ್ಯಗಳ ಬಗ್ಗೆ ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೆಯ ನಾಣ್ಯ ಪುಟದಲ್ಲಿ ಗಾಲ್ ಬುಡಕಟ್ಟುಗಳ ಬೆಳ್ಳಿ ನಾಣ್ಯಗಳ ಕಿರುಪರಿಚಯ ಬಂದಿತ್ತು. ಇಂದಿನ ಫ್ರಾನ್ಸ್, ಬೆಲ್ಜಿಯಂ ಮತ್ತು ಸುತ್ತಲಿನ ನೆಲಕ್ಕೆ ರೋಮನ್ನರು ಇಟ್ಟ ಹೆಸರು ಗಾಲ್. ಅಲ್ಲಿ ಕೆಲ್ಟಿಕ್ ನುಡಿಯಾಡುವ ಹತ್ತಾರು ಬುಡಕಟ್ಟುಗಳಿದ್ದವು. ಕ್ರಿ.ಪೂ. 58ರಿಂದ ಜೂಲಿಯಸ್ ಸೀಸರ್ ದಂಡೆತ್ತಿ ಹೋಗಿ ಅವನ್ನು ಗೆದ್ದ. ಈ ಪರಿಚಯ ಓದಿ ಮುಂಬಯಿ, ಪುಣೆ, ಗೋವಾದಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಚಿತ್ರ ಕಳಿಸಿದ್ದೇವೆ, ಯಾರ ನಾಣ್ಯ ಹೇಳಿ’ ಎಂದು ಕೇಳಿವೆ. ಮೊದಲು ತೂಗಿ ಎಂಬುದೇ ನಮ್ಮ ಮನವಿ. ಚಿತ್ರವನ್ನು ಯಾರು ಬೇಕಾದರೂ ಎರವಲು ತರಬಹುದು, ತಂದಿದ್ದಾರೆ ಕೂಡ. ತೂಕ, ಲೋಹ, ಸಿಕ್ಕ ಜಾಗ ಈ ಮೂರನ್ನು ಕೂಡಿಸಿ ನೋಡಿದ ಮೇಲೆಯೇ ಚಿತ್ರ ಅರ್ಥವಾಗುತ್ತದೆ.

ಪ್ರಶ್ನೆ: ಗಾಲ್‌ನಲ್ಲಿ ಒಬ್ಬ ಚಕ್ರವರ್ತಿ ಇರಲಿಲ್ಲವಲ್ಲ, ಹಾಗಾದರೆ ನಾಣ್ಯ ಹೊಡೆಸಿದವರು ಯಾರು? ಬುಡಕಟ್ಟಿಗೊಂದು ನಾಣ್ಯವಿದ್ದರೆ ವ್ಯಾಪಾರ ಹೇಗೆ ಸಾಗುತ್ತಿತ್ತು? (ಓದುಗರು, ಡೊಂಬಿವಲಿ)

ಉತ್ತರ: ಹೊಡೆಸಿದವರು ಬುಡಕಟ್ಟಿನ ಮುಖಂಡರು. ಸ್ವಂತ ಕುದುರೆ ಪಡೆ ಸಾಕುತ್ತಿದ್ದ ಸಿರಿವಂತ ಮನೆತನದವರೂ ಅವರಲ್ಲಿದ್ದರು. ಅದಕ್ಕೇ ನಾಣ್ಯದ ಮೇಲಿನ ಹೆಸರುಗಳಲ್ಲಿ ಹೆಚ್ಚಿನವು ವ್ಯಕ್ತಿಗಳವು, ಬುಡಕಟ್ಟಿನವು ಕಡಿಮೆ.

ಬೆಳ್ಳಿ ನಾಣ್ಯದ ರೂಢಿ ದಕ್ಷಿಣದ ಕಡಲತೀರದಿಂದ ಒಳನಾಡಿಗೆ ಏರಿತು. ಕ್ರಿ.ಪೂ. 600ರ ಸುಮಾರಿಗೆ ಗ್ರೀಕರು ನೆಲೆಯೂರಿದ ಮಸಾಲಿಯಾ, ಅಂದರೆ ಇಂದಿನ ಮಾರ್ಸೇ, ಓಬೋಲ್ ಎಂಬ ಸಣ್ಣ ಬೆಳ್ಳಿ ನಾಣ್ಯ ಹೊಡೆಯುತ್ತಿತ್ತು. ಒಂದು ಮಗ್ಗುಲಲ್ಲಿ ಅಪೊಲೊ ದೇವರ ತಲೆ, ಇನ್ನೊಂದರಲ್ಲಿ ನಾಲ್ಕು ಅರಗಳ ಚಕ್ರ, ಚಕ್ರದ ಎರಡು ಮನೆಗಳಲ್ಲಿ ಊರಿನ ಹೆಸರಿನ ಮೊದಲ ಎರಡಕ್ಷರ. ತೂಕ 0.6 ಗ್ರಾಂ ಆಸುಪಾಸು, ಕೈಯಲ್ಲಿಟ್ಟರೆ ಮೀನಿನ ಹುರುಪೆಯಷ್ಟೇ. ಪಶ್ಚಿಮದಲ್ಲಿ, ಟುಲೂಸ್ ಸುತ್ತಿನ ವೋಲ್ಕೇ ಟೆಕ್ಟೋಸಾಗೆಸ್ ಜನ ಸ್ಪೇನಿನ ರೋಡಾ ಎಂಬ ಗ್ರೀಕ್ ಊರಿನ ಗುಲಾಬಿ ಚಿತ್ರದ ದ್ರಾಖ್ಮ ಎಂಬ ಬೆಳ್ಳಿ ನಾಣ್ಯವನ್ನು ಮಾದರಿ ಮಾಡಿಕೊಂಡರು. ಗುಲಾಬಿ ಸವೆದು ಶಿಲುಬೆಯಾಯಿತು. ಶಿಲುಬೆಯ ನಾಲ್ಕು ಮೂಲೆಗಳಲ್ಲಿ ಕೊಡಲಿ, ಅರ್ಧಚಂದ್ರ, ಚುಕ್ಕೆ ಸೇರಿಕೊಂಡವು. ಈ ಬಿಲ್ಲೆಗಳು ದುಂಡಗಿರುವುದಿಲ್ಲ. ಬೆಳ್ಳಿಯನ್ನು ತಗಡು ಬಡಿದು ಉಳಿಯಿಂದ ಕತ್ತರಿಸಿದ್ದರಿಂದ ಅಂಚು ಚೌಕವಾಗಿಯೋ ಮೂಲೆಮೂಲೆಯಾಗಿಯೋ ಉಳಿದಿದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸಿಗುವುದು ಮಧ್ಯ ಮತ್ತು ಪೂರ್ವ ಗಾಲ್‌ನಲ್ಲಿ. ರೋಮಿನ ಬೆಳ್ಳಿ ನಾಣ್ಯ ದೆನಾರಿಯಸ್ ಸುಮಾರು 3.9 ಗ್ರಾಂ, ಅದರ ಅರ್ಧ ಕ್ವಿನಾರಿಯಸ್. ಏಡುಯಿ, ಸೆಕ್ವಾನಿ, ಲಿಂಗೋನೆಸ್ ಎಂಬ ಮೂರು ನೆರೆಯ ಬುಡಕಟ್ಟುಗಳು ತಮ್ಮ ಬೆಳ್ಳಿ ನಾಣ್ಯವನ್ನು 1.9 ಗ್ರಾಂ ಹತ್ತಿರಕ್ಕೆ ಹೊಂದಿಸಿಕೊಂಡವು. ಎರಡು ಕೊಟ್ಟರೆ ಒಂದು ದೆನಾರಿಯಸ್ಸಿಗೆ ಸಮ. ಇಟಲಿಯ ದ್ರಾಕ್ಷಾರಸ ಹೊತ್ತ ದೋಣಿಗಳು ರೋನ್, ಸೋನ್ ನದಿಗಳನ್ನೇರಿ ಬರುತ್ತಿದ್ದ ನಾಡಿಗೆ ಇದಕ್ಕಿಂತ ಅನುಕೂಲದ ಲೆಕ್ಕ ಇನ್ನೊಂದಿಲ್ಲ. ಒಂದು ಬುಡಕಟ್ಟಿನ ನಾಣ್ಯ ಇನ್ನೊಂದರ ಸಂತೆಯಲ್ಲಿ ನಡೆಯಲು ತೂಕ ಒಂದೇ ಇದ್ದರೆ ಸಾಕಿತ್ತು.

ಈ ಗುಂಪಿನಲ್ಲಿ ಕೈಗೆತ್ತಿಕೊಂಡು ನೋಡಲೇಬೇಕಾದದ್ದು ಏಡುಯಿ ಮುಖಂಡ ದುಮ್ನೊರಿಕ್ಸ್‌ನದೆಂದು ಒಪ್ಪಿಕೊಂಡಿರುವ ಕ್ವಿನಾರಿಯಸ್. ಹಿಂಬದಿಯಲ್ಲಿ ನಿಂತ ಯೋಧನ ಒಂದು ಕೈಯಲ್ಲಿ ಕಡಿದ ತಲೆ, ಇನ್ನೊಂದರಲ್ಲಿ ಯುದ್ಧದ ಕಹಳೆ ಮತ್ತು ಕಾಡುಹಂದಿಯ ಲಾಂಛನ. ಸೀಸರ್ ಬರೆದಿರುವಂತೆ ದುಮ್ನೊರಿಕ್ಸ್ ಏಡುಯಿಗಳ ಸುಂಕದ ಗುತ್ತಿಗೆಯನ್ನು ವರ್ಷಗಟ್ಟಲೆ ಅಗ್ಗಕ್ಕೆ ಹಿಡಿದಿದ್ದ. ಅವನೆದುರು ಹರಾಜು ಕೂಗುವ ಧೈರ್ಯ ಯಾರಿಗೂ ಇರಲಿಲ್ಲ. ಆ ಹಣದಲ್ಲೇ ಅವನು ಕುದುರೆ ಪಡೆ ಕಟ್ಟಿದ. ಕ್ರಿ.ಪೂ. 54ರಲ್ಲಿ ಬ್ರಿಟನ್ನಿಗೆ ಹಡಗು ಹತ್ತಲು ಒಪ್ಪದೆ ಓಡಿಹೋದಾಗ ಸೀಸರನ ಸವಾರರು ಅವನನ್ನು ಕೊಂದರು. ಎರಡು ಗ್ರಾಂ ಬೆಳ್ಳಿಯಲ್ಲಿ ಸುಂಕ, ಸೈನ್ಯ, ಸೊಕ್ಕು ಮೂರೂ ಇವೆ.

ಪ್ರಶ್ನೆ: ತಲೆಯ ಕೂದಲು ಬಳ್ಳಿಯ ಸುರುಳಿಯಂತೆ, ಕುದುರೆಯ ಕಾಲು ಚುಕ್ಕೆಗೆರೆಯಂತೆ ಇವೆ. ಅಚ್ಚು ಕೊರೆದವರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲವೇ? (ಓದುಗರು, ಮಾಟುಂಗಾ)

ಉತ್ತರ: ಬರುತ್ತಿತ್ತು. ಕೊರೆದವನ ಕೈ ಎಷ್ಟು ಪಳಗಿತ್ತು ಎಂದು ತಿಳಿಯಲು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಒಂದೇ ಒಂದು ಸುರುಳಿಯನ್ನು ಹಿಂಬಾಲಿಸಿ. ಗೆರೆ ಎಲ್ಲೂ ನಡುಗಿಲ್ಲ, ಆಳ ಒಂದೇ ಸಮ ಇದೆ. ಮೆಸಿಡೋನಿಯಾದ ದೊರೆ 2ನೇ ಫಿಲಿಪ್ಪನ (ಕ್ರಿ.ಪೂ. 359–336) ಬೆಳ್ಳಿ ಟೆಟ್ರಾಡ್ರಾಖ್ಮದಲ್ಲಿ (ನಾಲ್ಕು ದ್ರಾಖ್ಮದ ನಾಣ್ಯ) ಒಂದು ಕಡೆ ಜ್ಯೂಸ್ ದೇವರ ತಲೆ, ಇನ್ನೊಂದು ಕಡೆ ಕುದುರೆ ಸವಾರ. ಡ್ಯಾನ್ಯೂಬ್ ಕಣಿವೆಯ ಕೆಲ್ಟರು ಅದನ್ನೇ ಮಾದರಿಯಾಗಿಟ್ಟುಕೊಂಡು ತಲೆಮಾರುಗಟ್ಟಲೆ ಹೊಡೆದರು. ಮೂಲ ತೂಕ 14 ಗ್ರಾಂ ದಾಟುತ್ತಿತ್ತು, ನಕಲುಗಳಲ್ಲಿ ಅದು ಇಳಿಯುತ್ತ ಬಂತು. ತೂಕದ ಜೊತೆಗೇ ಸವಾರನೂ ಕರಗಿ, ಕೊನೆಗೆ ಕುದುರೆಯ ಬೆನ್ನ ಮೇಲೆ ಒಂದು ಗುಬುಟಿಯಷ್ಟೇ ಉಳಿದ. ಉತ್ತರ ಇಟಲಿಯಲ್ಲಿ ಮಸಾಲಿಯಾ ದ್ರಾಖ್ಮದ ಸಿಂಹ ಚೇಳಿನಂತಾಗಿದೆ.

ನಕಲಿನ ನಕಲು ತೆಗೆದಾಗ ಆಕಾರ ಸಡಿಲವಾಗುವುದು ಒಂದು ಕಾರಣ. ಅಚ್ಚಿನ ಚಿತ್ರಕ್ಕಿಂತ ಬಿಲ್ಲೆ ಚಿಕ್ಕದಾಗಿದ್ದರಿಂದ ಚಿತ್ರದ ಅರ್ಧ ಹೊರಗೇ ಉಳಿಯುವುದು ಇನ್ನೊಂದು. ಹಾಗೆ ಅರ್ಧ ಕಂಡದ್ದನ್ನೇ ಮುಂದಿನವನು ಪೂರ್ತಿ ಎಂದು ಕೊರೆಯುತ್ತಾನೆ. ಆದರೆ ವಾಯವ್ಯ ಫ್ರಾನ್ಸಿನ ಬ್ರಿಟನಿ ಪ್ರಾಂತದ ನಾಣ್ಯಗಳಲ್ಲಿ ಕುದುರೆಗೆ ಮನುಷ್ಯನ ಮುಖ ಬಂದದ್ದು, ಹೊಟ್ಟೆಯ ಕೆಳಗೆ ಕಾಡುಹಂದಿಯೋ ತಂತಿವಾದ್ಯವೋ ಬಂದು ಕೂತದ್ದು ಸಡಿಲಿಕೆಯಲ್ಲ. ಅದು ಬೇಕೆಂದೇ ಮಾಡಿದ ಆಯ್ಕೆ. ರಂಗೋಲಿಯಲ್ಲಿ ನವಿಲನ್ನು ಚುಕ್ಕೆಗಳ ಲೆಕ್ಕಕ್ಕೆ ತಂದವರನ್ನು ನಾವು ‘ನವಿಲು ಬರೆಯಲು ಬಾರದವರು’ ಎನ್ನುವುದಿಲ್ಲವಲ್ಲ.

ನೀವಿರುವ ನೆಲದಲ್ಲೇ ಇದಕ್ಕೆ ಜೋಡಿ ಇದೆ. ಪಶ್ಚಿಮ ಕ್ಷತ್ರಪರ ಬೆಳ್ಳಿ ದ್ರಮ್ಮದಲ್ಲಿ ರಾಜನ ತಲೆಯ ಸುತ್ತ ಇದ್ದ ಗ್ರೀಕ್ ಅಕ್ಷರಗಳು ಕಾಲಕ್ರಮದಲ್ಲಿ ಓದಲಾಗದ ಕಡ್ಡಿಗಳ ಸಾಲಾದವು. ಗಧೈಯಾ ಪೈಸಾದಲ್ಲಿ ಇರಾನಿನ ಸಸಾನಿ ದೊರೆಯ ಮುಖ ಗೆರೆ, ಚುಕ್ಕೆಗಳ ಗುಂಪಾಯಿತು. ಮುಂಬಯಿ ಫೋರ್ಟ್‌ನ ಪಿ.ಎಂ. ರಸ್ತೆಯಲ್ಲಿರುವ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯಕ್ಕೆ ಹೋದಾಗ ನಮ್ಮ ಹಳೆಯ ಬೆಳ್ಳಿಯ ಮುಂದೆ ಇನ್ನಷ್ಟು ಹೊತ್ತು ನಿಲ್ಲಿ. ಗಾಲ್ ಕುದುರೆ ಆಮೇಲೆ ತಾನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ಯಂತ್ರವಿಲ್ಲದೆ ಅಷ್ಟು ನಾಣ್ಯಗಳನ್ನು ಒಂದೇ ತೂಕಕ್ಕೆ ತರುತ್ತಿದ್ದದ್ದು ಹೇಗೆ? ಬೆಳ್ಳಿ ಕೆಲಸದ ಅಂಗಡಿ ನನ್ನದು, ಹಂತಹಂತವಾಗಿ ತಿಳಿಸಿ. (ಓದುಗರು, ಚಿಂಚವಾಡ)

ಉತ್ತರ: ನಿಮ್ಮ ಕಸುಬಿನವರಿಗೆ ಇದರಲ್ಲಿ ಅಪರಿಚಿತವಾದದ್ದು ಕಡಿಮೆ.

ಬೆಳ್ಳಿ ಎರಡು ದಾರಿಯಿಂದ ಬರುತ್ತಿತ್ತು. ಹಳೆಯ ರೋಮನ್, ಗ್ರೀಕ್ ನಾಣ್ಯ ಕರಗಿಸುವುದು ಒಂದು, ಸೀಸದ ಅದಿರಿನಿಂದ ತೆಗೆಯುವುದು ಇನ್ನೊಂದು. ಬೆಳ್ಳಿ ಬೆರೆತ ಸೀಸವನ್ನು ಮೂಳೆಬೂದಿಯ ಬಟ್ಟಲಲ್ಲಿಟ್ಟು ಗಾಳಿ ಊದುತ್ತ ಕಾಯಿಸಿದರೆ ಸೀಸ ಆಕ್ಸೈಡ್ ಆಗಿ ಬೂದಿಗೆ ಇಂಗುತ್ತದೆ, ಬೆಳ್ಳಿ ಗುಂಡಾಗಿ ಉಳಿಯುತ್ತದೆ. ಪೂರ್ತಿ ಇಂಗುವ ಮೊದಲೇ ನಿಲ್ಲಿಸಿದರೆ ಸೀಸ ಉಳಿದು, ಬಡಿಯುವಾಗ ಬಿಲ್ಲೆ ಸೀಳುತ್ತದೆ.

ತೂಕ ಸರಿಮಾಡುವ ಕೆಲಸ ಬೆಳ್ಳಿ ಘನವಾಗಿದ್ದಾಗಲೇ ಮುಗಿಯುತ್ತಿತ್ತು. ಸಾಲುಸಾಲು ಕುಳಿಗಳಿರುವ ಮಣ್ಣಿನ ಹಲಗೆಗಳು ಕೆಲ್ಟಿಕ್ ಊರುಗಳ ಉತ್ಖನನದಲ್ಲಿ ಸಿಕ್ಕಿವೆ, ಜರ್ಮನಿಯ ಬವೇರಿಯಾದ ಮಾಂಖಿಂಗ್‌ನಲ್ಲಿಯೂ ಸಿಕ್ಕಿವೆ. ಒಂದೊಂದು ಕುಳಿಗೂ ತೂಗಿದ ಲೋಹದ ಚೂರು, ಅರಪುಡಿ ತುಂಬಿ, ಮೇಲೆ ಇದ್ದಿಲು ಮುಚ್ಚಿ ಕಾಯಿಸಿದರೆ ಕುಳಿಗೊಂದು ಗುಂಡು ಸಿಗುತ್ತದೆ. ಕರಗಿದ ಬೆಳ್ಳಿಯನ್ನು ಸೌಟಿನಲ್ಲಿ ಸುರಿದಿದ್ದರೆ ಈ ನಿಖರತೆ ಸಾಧ್ಯವಿರಲಿಲ್ಲ. ಶುದ್ಧ ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ಗೆ. ತಾಮ್ರ ಬೆರೆತಂತೆ ಈ ಬಿಂದು ಇಳಿಯುತ್ತದೆ. 72 ಪಾಲು ಬೆಳ್ಳಿಗೆ 28 ಪಾಲು ತಾಮ್ರವಿದ್ದರೆ 780ರ ಹತ್ತಿರವೇ ಪೂರ್ತಿ ಕರಗುತ್ತದೆ. ಇದ್ದಿಲು ಮುಚ್ಚದಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಕರಗಿದ ಬೆಳ್ಳಿ ತನ್ನ ಗಾತ್ರದ ಸುಮಾರು 20 ಪಟ್ಟು ಆಮ್ಲಜನಕ ಹೀರಿ, ಹೆಪ್ಪುಗಟ್ಟುವಾಗ ಅದನ್ನು ಉಗುಳುತ್ತದೆ. ಗುಂಡಿನೊಳಗೆ ತೂತುಗಳು ಉಳಿಯುತ್ತವೆ.

ಗುಂಡನ್ನು ಬಡಿದು ಬಿಲ್ಲೆ ಮಾಡುವಾಗ ಬೆಳ್ಳಿ ಗಡುಸಾಗುತ್ತದೆ. ನಡುನಡುವೆ ಕತ್ತಲಲ್ಲಿ ಮಂಕು ಕೆಂಪು ಕಾಣುವಷ್ಟು ಕಾಯಿಸಿ ಮೆದು ಮಾಡಬೇಕು. ಆತುರಪಟ್ಟು ಒಂದು ಸುತ್ತು ಬಿಟ್ಟರೆ ಅಂಚು ಬಿರಿಯುತ್ತದೆ. ಗಾಲ್ ಕ್ವಿನಾರಿಯಸ್‌ಗಳ ಅಂಚಿನಲ್ಲಿ ಕಾಣುವ ಬಿರುಕುಗಳಲ್ಲಿ ಬಹುಪಾಲು ಇಂತಹ ಆತುರದವು. ಕಾಯಿಸಿದಾಗ ಮೇಲಿನ ತಾಮ್ರ ಕಪ್ಪಾಗುತ್ತದೆ. ಹುಳಿನೀರಿಗೆ ಹಾಕಿದರೆ ಕಪ್ಪು ಹೋಗಿ ತೆಳುವಾದ ಶುದ್ಧ ಬೆಳ್ಳಿಯ ಪೊರೆ ಉಳಿಯುತ್ತದೆ. ಈ ಪೊರೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಪರೀಕ್ಷೆಯ ಮಾತು ಬಂದಾಗ ಬೇಕಾಗುತ್ತದೆ.

ಹೊಡೆಯುವಾಗ ಮುಂಬದಿಯ ಅಚ್ಚು ಅಡಿಗಲ್ಲಿನಲ್ಲಿ ಕೂತಿರುತ್ತದೆ, ಹಿಂಬದಿಯದು ಕೈಯಲ್ಲಿ. ಬಿಲ್ಲೆಯನ್ನು ನಡುವೆ ಇಟ್ಟು ಸುತ್ತಿಗೆ ಪೆಟ್ಟು. ಕೈಯಲ್ಲಿರುವ ಅಚ್ಚಿಗೇ ಪೆಟ್ಟು ನೇರ ಬೀಳುವುದರಿಂದ ಅದು ಬೇಗ ಹಾಳಾಗುತ್ತದೆ. ಅದಕ್ಕೇ ಒಂದೇ ತಲೆಯ ಅಚ್ಚಿಗೆ ಬೇರೆ ಬೇರೆ ಕುದುರೆಗಳು ಜೋಡಿಯಾಗಿ ಸಿಗುತ್ತವೆ. ಇಂತಹ ಜೋಡಿಗಳನ್ನು ಸರಪಳಿಯಂತೆ ಕೂಡಿಸಿಯೇ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುತ್ತಾರೆ. ಕೈ ಜಾರಿದರೆ ಚಿತ್ರ ಬದಿಗೆ ಸರಿಯುತ್ತದೆ, ಪೆಟ್ಟು ಪುಟಿದರೆ ಎರಡೆರಡು ಮೂಗು ಮೂಡುತ್ತದೆ. ಹಿಂದಿನ ನಾಣ್ಯ ಮೇಲಿನ ಅಚ್ಚಿಗೆ ಅಂಟಿಕೊಂಡಿದ್ದರೆ ಮುಂದಿನ ಬಿಲ್ಲೆಯ ಹಿಂಬದಿಯಲ್ಲಿ ಅದೇ ತಲೆ ತಗ್ಗಾಗಿ, ಎಡಬಲ ಅದಲುಬದಲಾಗಿ ಬರುತ್ತದೆ.

ಪ್ರಶ್ನೆ: ವೆರ್ಸಿಂಗೆಟೊರಿಕ್ಸ್ ಹೆಸರಿರುವ ಬೆಳ್ಳಿ ನಾಣ್ಯವನ್ನು ಒಬ್ಬರು ಮಾರಲು ಸಿದ್ಧರಿದ್ದಾರೆ. ಕೊಳ್ಳಲೇ? (ಓದುಗರು, ಮಡಗಾಂವ್)

ಉತ್ತರ: ಬೇಡ. ಕ್ರಿ.ಪೂ. 52ರಲ್ಲಿ ಸೀಸರನ ವಿರುದ್ಧ ಗಾಲ್ ದಂಗೆಯನ್ನು ನಡೆಸಿದ ಈ ಅರ್ವೆರ್ನಿ ಬುಡಕಟ್ಟಿನ ನಾಯಕನ ಹೆಸರಿನ ಪ್ರಸಿದ್ಧ ನಾಣ್ಯಗಳು ಚಿನ್ನದವು. ಅವು ಒಟ್ಟು ಕೆಲವೇ ಡಜನ್ನಿನೊಳಗೆ, ಹೆಚ್ಚಿನವು ಸಂಗ್ರಹಾಲಯಗಳಲ್ಲಿವೆ. ಬೆಳ್ಳಿಯಲ್ಲಿ ಪ್ರವಾಸಿಗರಿಗೆಂದು ಮಾಡಿದ ಪ್ರತಿಕೃತಿಗಳು ಹೇರಳವಾಗಿವೆ.

ಪ್ರಶ್ನೆ: ಜೂನಾ ಬಜಾರ್‌ನಲ್ಲಿ ‘ಯುರೋಪಿನ ಕೆಲ್ಟಿಕ್ ಬೆಳ್ಳಿ’ ಎಂದು ಕೊಟ್ಟ ನಾಣ್ಯವಿದು. ದಪ್ಪ, ಚಿಕ್ಕದು, ತೂಕ 4.1 ಗ್ರಾಂ. ಒಂದು ಕಡೆ ಗೆರೆ ಚುಕ್ಕೆಗಳ ಮುಖ, ಇನ್ನೊಂದು ಕಡೆ ಕಂಬದಂತಹ ಗೆರೆಗಳು. ಬೆಳ್ಳಿ ಹೌದೋ ಅಲ್ಲವೋ ಮನೆಯಲ್ಲೇ ನೋಡುವುದು ಹೇಗೆ? (ಓದುಗರು, ಪುಣೆ ಸದಾಶಿವ ಪೇಠ್)

ಉತ್ತರ: ನೀವು ತೂಕ ಬರೆದು ಕಳಿಸಿದ್ದು ತುಂಬ ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ. ಇದು ಗಾಲ್‌ನದಲ್ಲ, ಗಧೈಯಾ ಪೈಸಾ. ಗಾಲ್ ಕ್ವಿನಾರಿಯಸ್ 2 ಗ್ರಾಂ ದಾಟುವುದು ಅಪರೂಪ, ಬಿಲ್ಲೆ ತೆಳು, ಹಿಂಬದಿಯಲ್ಲಿ ಹೆಚ್ಚಾಗಿ ಕುದುರೆ. ನಿಮ್ಮದರ ‘ಕಂಬ’ ಸಸಾನಿ ನಾಣ್ಯದ ಅಗ್ನಿವೇದಿಕೆ. ಅದರ ಅಕ್ಕಪಕ್ಕದ ಗೆರೆಗಳು ಕಾವಲು ನಿಂತ ಇಬ್ಬರು. ಗುಜರಾತು, ರಾಜಸ್ಥಾನ, ಮಹಾರಾಷ್ಟ್ರದಲ್ಲಿ ಶತಮಾನಗಳ ಕಾಲ ಓಡಾಡಿದ ಹಣ ಇದು. ದೂರದ ಹೆಸರು ಅಂಟಿಸಿದ್ದರಿಂದ ಬೆಲೆ ಏರಿಸಿದ್ದಾರೆ, ಅಷ್ಟೇ. ನಾಣ್ಯದ ಮಟ್ಟಿಗೆ ಇದು ಕೀಳಲ್ಲ, ಜೋಪಾನ ಮಾಡಿ.

ಲೋಹದ ಪರೀಕ್ಷೆಗೆ ಒರೆಗಲ್ಲಿಗೆ ತಿಕ್ಕಬೇಡಿ, ಅರ ಹಾಕಿ ಆಮ್ಲ ಬಿಡಬೇಡಿ. ಅಂಗಡಿಯ ಕ್ಯಾರಟ್ ಮೀಟರ್ ಮೇಲ್ಪದರವನ್ನಷ್ಟೇ ಓದುತ್ತದೆ. ಹಳೆಯ ಬೆಳ್ಳಿಯ ಮೇಲ್ಪದರದಲ್ಲಿ ತಾಮ್ರ ಕಡಿಮೆ. ಮೇಲೆ ಹೇಳಿದ ಹುಳಿನೀರು ಒಂದು ಕಾರಣ, ಮಣ್ಣಿನಲ್ಲಿ ಕಳೆದ ಶತಮಾನಗಳು ಇನ್ನೊಂದು. ಯಂತ್ರ 95 ಎಂದರೂ ಒಳಗೆ ಅಷ್ಟಿರಬೇಕಿಲ್ಲ.

ನಾಣ್ಯಕ್ಕೆ ನೋವಾಗದ ದಾರಿ ಸಾಂದ್ರತೆ ಅಳೆಯುವುದು. ಚಿಕ್ಕ ಗಾಜಿನ ಲೋಟದಲ್ಲಿ ಭಟ್ಟಿ ಇಳಿಸಿದ ನೀರು ತುಂಬಿ, ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಬೆರೆಸಿ. ಇಲ್ಲದಿದ್ದರೆ ಗಾಳಿಗುಳ್ಳೆ ನಾಣ್ಯಕ್ಕೆ ಅಂಟಿ ಲೆಕ್ಕ ಕೆಡಿಸುತ್ತದೆ. ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳುವಾದ ಗಾಳದ ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ಕಾಣುವ ಸಂಖ್ಯೆಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿ. ಶುದ್ಧ ಬೆಳ್ಳಿಗೆ 10.5 ಬರುತ್ತದೆ. ಐದರಲ್ಲಿ ಒಂದು ಪಾಲು ತಾಮ್ರವಿದ್ದರೆ 10.1, ಅರ್ಧಕ್ಕರ್ಧ ಇದ್ದರೆ 9.7ರ ಹತ್ತಿರ, ಬರೀ ತಾಮ್ರವಾದರೆ 9ಕ್ಕೂ ಕೆಳಗೆ. ನಿಮ್ಮ 4.1 ಗ್ರಾಂ ನಾಣ್ಯ 0.41 ತೋರಿಸಿದರೆ ಉತ್ತರ 10.0. ಒಳ್ಳೆಯ ಬೆಳ್ಳಿಯೇ.

ಇಲ್ಲೊಂದು ಎಚ್ಚರಿಕೆ. ಬಹಳ ಮಂದಿ ಎಡವುವುದು ಇಲ್ಲೇ. 1.90 ಗ್ರಾಂ ಕ್ವಿನಾರಿಯಸ್ಸಿಗೆ ಇದೇ ಪರೀಕ್ಷೆ ಮಾಡಿದಾಗ ತಕ್ಕಡಿ 0.18 ತೋರಿಸಿದರೆ ಉತ್ತರ 10.6, 0.19 ತೋರಿಸಿದರೆ 10.0. ಒಂದೇ ಅಂಕಿಯ ಅಲುಗಾಟ ಶುದ್ಧ ಬೆಳ್ಳಿಯನ್ನೂ ಬೆರಕೆಯನ್ನೂ ಅದಲುಬದಲು ಮಾಡುತ್ತದೆ. ಸಣ್ಣ ನಾಣ್ಯಕ್ಕೆ 0.001 ಗ್ರಾಂ ತೋರಿಸುವ ತಕ್ಕಡಿ ಬೇಕು. ಫ್ಯಾನ್ ನಿಲ್ಲಿಸಿ, ಐದು ಸಲ ಅಳೆದು ಸರಾಸರಿ ತೆಗೆಯಿರಿ. ತಾಮ್ರದ ತಿರುಳಿಗೆ ಬೆಳ್ಳಿ ತಗಡು ಹೊದಿಸಿದ ಹಳೆಯ ಕಾಲದ ಖೋಟಾ ನಾಣ್ಯಗಳೂ ಇವೆ. ಅವು 9ರ ಆಸುಪಾಸಿನಲ್ಲಿ ನಿಲ್ಲುತ್ತವೆ, ಅಂಚಿನ ಸವೆತದಲ್ಲಿ ಹಸಿರು ಇಣುಕುತ್ತದೆ. ಇತ್ತೀಚಿನ ಖೋಟಾಗಳಲ್ಲಿ ಹೆಚ್ಚಿನವು ಎರಕದವು. ಅಂಚಿನ ಸುತ್ತ ಬೆಸುಗೆಯಂತಹ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ಒಬ್ಬನೇ ವ್ಯಾಪಾರಿಯ ತಟ್ಟೆಯಲ್ಲಿ ಎರಡು ನಾಣ್ಯಗಳಿಗೆ ಒಂದೇ ಜಾಗದಲ್ಲಿ ಒಂದೇ ಆಕಾರದ ಬಿರುಕಿದ್ದರೆ ಎರಡನ್ನೂ ಬಿಟ್ಟು ಬನ್ನಿ. ಕೈಯಲ್ಲಿ ಹೊಡೆದ ನಾಣ್ಯಗಳು ಒಂದೇ ಕಡೆ ಒಂದೇ ಥರ ಬಿರಿಯುವುದಿಲ್ಲ.

ಪ್ರಶ್ನೆ: ಫ್ರಾನ್ಸಿನ ಅಂಗಡಿಯಿಂದ ರಸೀದಿ ಸಮೇತ ತಂದ ಕೊರಿಯೊಸೊಲಿಟೆಸ್ ನಾಣ್ಯ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಪುಡಿ ಬಿಡುತ್ತಿದೆ. ಹುಣಸೆಹುಳಿಯಲ್ಲಿ ತಿಕ್ಕಬಹುದೇ? (ಓದುಗರು, ವಾಸ್ಕೋ)

ಉತ್ತರ: ದಯವಿಟ್ಟು ತಿಕ್ಕಬೇಡಿ. ಹುಣಸೆಹುಳಿ, ನಿಂಬೆ, ವಿಭೂತಿ, ಹಲ್ಲುಪುಡಿ, ಅಲ್ಯೂಮಿನಿಯಂ ಹಾಳೆ ಮತ್ತು ಸೋಡಾ ಎಲ್ಲವೂ ದೇವರ ಬೆಳ್ಳಿಗೆ ಸರಿ. ಇವು ಮೇಲ್ಪದರವನ್ನೇ ತೆಗೆದು ಹೊಳಪು ಕೊಡುತ್ತವೆ, ಹಳೆಯ ನಾಣ್ಯದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳಿರುವುದು ಆ ಪದರದಲ್ಲೇ.

ಬ್ರಿಟನಿಯ ಉತ್ತರ ಕರಾವಳಿಯ ಕೊರಿಯೊಸೊಲಿಟೆಸ್ ಬುಡಕಟ್ಟು ಹೊಡೆದದ್ದು 6 ಗ್ರಾಂ ದಾಟುವ, ತಾಮ್ರ ಹೆಚ್ಚು ಬೆರೆತ ಬೆಳ್ಳಿ. ಗಟ್ಟಿಯಾಗಿ ಅಂಟಿದ ಕಡು ಹಸಿರಿದ್ದರೆ ಅದು ಹಳೆಯ ಕಿಲುಬು, ಹಾಗೇ ಇರಲಿ. ನಿಮ್ಮದು ತಿಳಿ ಹಸಿರು ಪುಡಿ, ಬೆರಳಿಗೆ ಉದುರುತ್ತದೆ ಎಂದಿದ್ದೀರಿ. ಅದು ರೋಗ. ಮಣ್ಣಿನಿಂದ ಬಂದ ಕ್ಲೋರೈಡು ತಾಮ್ರದೊಂದಿಗೆ ಒಳಗೆ ಕೂತಿದೆ, ಗೋವಾದ ಮಳೆಗಾಲದ ತೇವ ಸಿಕ್ಕೊಡನೆ ಮತ್ತೆ ಮತ್ತೆ ತಾಮ್ರ ತಿನ್ನುತ್ತದೆ. ಪಕ್ಕದ ನಾಣ್ಯಗಳನ್ನು ಇಂದೇ ಬೇರೆ ಡಬ್ಬಿಗೆ ತೆಗೆದಿಡಿ.

ಮೊದಲು ಬಿರುಕು ನೋಡಿ. ಮಣ್ಣಲ್ಲಿದ್ದ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಪೆಳಸಾಗಿರಬಹುದು. ಒಂದಡಿ ಎತ್ತರದಿಂದ ಬಿದ್ದರೂ ಬಿಸ್ಕತ್ತಿನಂತೆ ಮುರಿಯುತ್ತದೆ. ಆಳದ ಬಿರುಕಿದ್ದರೆ ನೀರಿಗೆ ಹಾಕದೆ ಒಣಗಿಸಿಡುವುದೊಂದೇ ದಾರಿ. ಇಲ್ಲದಿದ್ದರೆ ಬಿದಿರುಕಡ್ಡಿಯ ಚೂಪಾದ ತುದಿಯಿಂದ, ಭೂತಗನ್ನಡಿಯ ಕೆಳಗೆ, ಪುಡಿಯನ್ನಷ್ಟೇ ಕೆದಕಿ ತೆಗೆಯಿರಿ. ಸೂಜಿ, ಬ್ಲೇಡು ಬೇಡ. ಆಮೇಲೆ ಭಟ್ಟಿ ಇಳಿಸಿದ ನೀರಲ್ಲಿ ನೆನೆಹಾಕಿ. ಮೊದಲ ವಾರ ದಿನವೂ ನೀರು ಬದಲಿಸಿ, ನಂತರ ವಾರಕ್ಕೊಮ್ಮೆ. ನಲ್ಲಿನೀರಿನಲ್ಲೇ ಕ್ಲೋರಿನ್ ಇರುತ್ತದೆ, ಅದು ಬೇಡ. ಹಳೆಯ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ಒಂದು ಹನಿ ಬಿಟ್ಟರೆ ಹಾಲಿನಂತೆ ಬಿಳಿಯಾದರೆ ಕ್ಲೋರೈಡು ಇನ್ನೂ ಇದೆ. ತಿಳಿಯಾಗಿಯೇ ಉಳಿದರೆ ಸಾಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಕೊನೆಗೆ ಶುದ್ಧ ಅಸಿಟೋನಿನಲ್ಲಿ ಅದ್ದಿ ಒಣಗಿಸಿ. ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಉಗುರುಬಣ್ಣ ತೆಗೆಯುವ ದ್ರವ ಅಸಿಟೋನಿಗೆ ಬದಲಿಯಲ್ಲ, ಅದರಲ್ಲಿ ಎಣ್ಣೆ, ಸುವಾಸನೆ ಸೇರಿರುತ್ತವೆ.

ನಾಣ್ಯದ ಮೇಲೆ ಬೂದು ನೇರಳೆ ಬಣ್ಣದ ಮೇಣದಂತಹ ಪದರವಿದ್ದರೆ ಅದು ಸಿಲ್ವರ್ ಕ್ಲೋರೈಡು. ಅಮೋನಿಯಾ ಹಾಕಿ ಕರಗಿಸುವ ಸಲಹೆ ಕೇಳಬೇಡಿ. ಕೆಲವೊಮ್ಮೆ ಚಿತ್ರ ಉಳಿದಿರುವುದು ಆ ಪದರದಲ್ಲಿ ಮಾತ್ರ.

ಇಡುವ ಕ್ರಮಕ್ಕೆ ಬಂದರೆ, ಗಾಳಿಯಾಡದ ಒಂದು ಲೀಟರ್ ಡಬ್ಬಿ, ಅದರಲ್ಲಿ 50 ಗ್ರಾಂ ಸಿಲಿಕಾ ಜೆಲ್, ಪಕ್ಕದಲ್ಲಿ ತೇವ ತೋರಿಸುವ ಚಿಕ್ಕ ಮೀಟರ್. ತೇವಾಂಶ 40 ಶೇಕಡಾ ಮೀರಬಾರದು. ಜೆಲ್ ಬಣ್ಣ ಬದಲಿಸಿದೊಡನೆ 110–120 ಡಿಗ್ರಿಯ ಓವನ್ನಿನಲ್ಲಿ ಎರಡು ಮೂರು ಗಂಟೆ ಒಣಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರವಾರ ನೋಡಬೇಕು. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಪುಟಗಳ ಆಲ್ಬಮ್ ಬಿಸಾಡಿ, ಅದು ಬಿಡುವ ಅಂಟು ಹಸಿರಾಗಿ ಲೋಹಕ್ಕೆ ಹಿಡಿಯುತ್ತದೆ. ಪಾಲಿಯೆಸ್ಟರ್ ಚೀಲ ಒಳ್ಳೆಯದು. ರಬ್ಬರ್ ಬ್ಯಾಂಡು, ಉಣ್ಣೆ ಬಟ್ಟೆಗಳಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ದೂರವಿಡಿ.

ಪ್ರಶ್ನೆ: ಜೆರ್ಸಿ ದ್ವೀಪದಲ್ಲಿ ಸಿಕ್ಕ ದೊಡ್ಡ ನಿಧಿಯ ಬಗ್ಗೆ ಹೇಳಿ. (ವಿದ್ಯಾರ್ಥಿನಿ, ಮುಲುಂಡ್)

ಉತ್ತರ: 2012ರಲ್ಲಿ ಇಬ್ಬರು ಹವ್ಯಾಸಿಗಳು ಲೋಹಶೋಧಕ ಹಿಡಿದು ಹುಡುಕುವಾಗ ಸಿಕ್ಕಿತು. ನಾಣ್ಯಗಳೆಲ್ಲ ಕಿಲುಬು ಹಿಡಿದು ಒಂದೇ ಮುದ್ದೆಯಾಗಿದ್ದವು. ಮುದ್ದೆಯ ತೂಕ ಮುಕ್ಕಾಲು ಟನ್ನಿನ ಹತ್ತಿರ. ಒಂದೊಂದಾಗಿ ಬಿಡಿಸುವ ಕೆಲಸ 2017ರಲ್ಲಿ ಮುಗಿದಾಗ ಲೆಕ್ಕ 69,347. ಬಹುಪಾಲು ಕೊರಿಯೊಸೊಲಿಟೆಸ್‌ದು, ಚಿನ್ನದ ಆಭರಣಗಳೂ ಇದ್ದವು. ಬಿಡಿಸುವಾಗ ಪ್ರತಿ ನಾಣ್ಯದ ಸ್ಥಾನವನ್ನು ಲೇಸರ್ ಸಾಧನದಿಂದ ದಾಖಲಿಸಿದ್ದು ಬಹಳ ದೊಡ್ಡ ಕೆಲಸ. ಯಾವುದರ ಪಕ್ಕ ಯಾವುದಿತ್ತು ಎಂಬುದೂ ಪುರಾವೆಯೇ. ಹೂತದ್ದು ಸೀಸರನ ಯುದ್ಧದ ಗಲಿಬಿಲಿಯಲ್ಲೋ ಅದರ ನಂತರದ ದಶಕಗಳಲ್ಲೋ ಇರಬೇಕು.

ನಿಮ್ಮ ಶಾಲೆಯ ಯೋಜನೆಗೆ ಹೋಲಿಕೆ ಬೇಕಿದ್ದರೆ ನಾಸಿಕ ಜಿಲ್ಲೆಯ ಜೋಗಲ್‌ತೆಂಭಿ ನಿಧಿ ತೆಗೆದುಕೊಳ್ಳಿ. 1906ರಲ್ಲಿ ಸಿಕ್ಕ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಕ್ಷತ್ರಪ ನಹಪಾನನವು. ಅವುಗಳಲ್ಲಿ 9,000ಕ್ಕೂ ಹೆಚ್ಚಿನವುಗಳ ಮೇಲೆ ಅವನನ್ನು ಸೋಲಿಸಿದ ಗೌತಮೀಪುತ್ರ ಶಾತಕರ್ಣಿ ತನ್ನ ಅಚ್ಚು ಒತ್ತಿಸಿದ್ದಾನೆ. ಗಾಲ್‌ನಲ್ಲಿ ಗೆದ್ದ ರೋಮ್ ಹಾಗೆ ಮಾಡಲಿಲ್ಲ. ತನಗೆ ನಿಷ್ಠರಾದ ಮುಖಂಡರು ಸಣ್ಣ ಬೆಳ್ಳಿ ಹೊಡೆಸುವುದು ಇನ್ನೂ ಕೆಲವು ದಶಕ ಮುಂದುವರಿಯಿತು. ಪಿಕ್ಟೋನೆಸ್ ಬುಡಕಟ್ಟಿನ ದುರಾಟಿಯಸ್ ತನ್ನ ನಾಣ್ಯದ ಹಿಂಬದಿಯಲ್ಲಿ ಜೂಲಿಯಸ್ ಎಂಬ ಹೆಸರನ್ನೇ ಹಾಕಿಸಿದ.

ಪ್ರಶ್ನೆ: ಮಾರಾಟದ ಚೀಟಿಯಲ್ಲಿ ‘ಸೆಕ್ವಾನಿ, ಎಲ್.ಟಿ.’ ಎಂದು ಬರೆದು ಮುಂದೆ ಒಂದು ಸಂಖ್ಯೆ ಹಾಕಿದ್ದಾರೆ. ಬುಡಕಟ್ಟಿನ ಹೆಸರನ್ನು ನಂಬಬಹುದೇ? (ಓದುಗರು, ಠಾಣೆ)

ಉತ್ತರ: ಎಲ್.ಟಿ. ಎಂದರೆ ಆನ್ರಿ ದ ಲಾ ತೂರ್ 1892ರಲ್ಲಿ ಪ್ರಕಟಿಸಿದ ಗಾಲ್ ನಾಣ್ಯಗಳ ಚಿತ್ರಸಂಪುಟದ ಸಂಖ್ಯೆ. ಸಂಖ್ಯೆಯನ್ನು ನಂಬಿ, ಅದು ನಾಣ್ಯದ ಮಾದರಿಯನ್ನಷ್ಟೇ ಹೇಳುತ್ತದೆ. ಬುಡಕಟ್ಟಿನ ಹೆಸರಿನ ವಿಷಯದಲ್ಲಿ ನಿಧಾನಿಸಿ. ನಾಣ್ಯದ ಮೇಲೆಯೇ ಬುಡಕಟ್ಟಿನ ಹೆಸರು ಬರುವುದು ವಿರಳ. ವೋಲ್ಕೇ ಅರೆಕೊಮಿಕಿಗಳ ಬೆಳ್ಳಿಯಲ್ಲಿ ಇದೆ, ‘ಸೆಕ್ವಾನೊಯೊತುಓಸ್’ ಎಂದು ಬರೆದ ಕಾಡುಹಂದಿಯ ನಾಣ್ಯದಲ್ಲಿ ಇದೆ. ಉಳಿದವನ್ನು ಹೆಚ್ಚಾಗಿ ಎಲ್ಲಿ ಸಿಕ್ಕಿತು ಎಂಬುದರ ಮೇಲೆ ಹಂಚಿದ್ದಾರೆ. ಹೊಸ ಉತ್ಖನನ ನಡೆದಾಗ ಹಂಚಿಕೆ ಬದಲಾಗುತ್ತದೆ. ಗ್ರೀಕ್ ಅಕ್ಷರಗಳಲ್ಲಿ ‘ಕಲೆತೆದು’ ಎಂದಿರುವ ಕ್ವಿನಾರಿಯಸ್ ಒಂದು ಚೀಟಿಯಲ್ಲಿ ಏಡುಯಿ, ಇನ್ನೊಂದರಲ್ಲಿ ಲಿಂಗೋನೆಸ್ ಆಗಿರುವುದು ಇದೇ ಕಾರಣಕ್ಕೆ. ಸಿಕ್ಕ ಊರಿನ ಹೆಸರಿರುವ ಹಳೆಯ ಚೀಟಿ ಜೊತೆಗಿದ್ದರೆ ಅದನ್ನು ಎಂದೂ ಎಸೆಯಬೇಡಿ.

ಪ್ರಶ್ನೆ: ನನ್ನ ನಾಣ್ಯವನ್ನು ಗುರುತಿಸಲು ಫ್ರಾನ್ಸಿನ ತಜ್ಞರಿಗೆ ಅಂಚೆಯಲ್ಲಿ ಕಳಿಸಬಹುದೇ? (ಓದುಗರು, ಫೋಂಡಾ)

ಉತ್ತರ: ಕಳಿಸಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತುವೇ, ಖಾಸಗಿ ವ್ಯಕ್ತಿ ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ನಾಣ್ಯದ ಬದಲು ಮಾಹಿತಿ ಕಳಿಸಿ. ಎರಡೂ ಬದಿಯ ಮತ್ತು ಅಂಚಿನ ಫೋಟೋ ತೆಗೆಯಿರಿ. ಬೆಳಕು ಎಡ ಮೇಲಿನಿಂದ ಓರೆಯಾಗಿ ಬೀಳಲಿ, ಪಕ್ಕದಲ್ಲಿ ಮಿಲಿಮೀಟರ್ ಅಳತೆಪಟ್ಟಿ ಇರಲಿ, ಫ್ಲ್ಯಾಶ್ ಬೇಡ. ತೂಕವನ್ನು 0.01 ಗ್ರಾಂವರೆಗೆ, ಅಗಲವನ್ನು ಅತಿ ಹೆಚ್ಚು ಮತ್ತು ಅತಿ ಕಡಿಮೆ ಇರುವ ಎರಡು ಕಡೆ ಅಳೆದು ಬರೆಯಿರಿ. ತಲೆಯನ್ನು ನೆಟ್ಟಗೆ ಹಿಡಿದು, ಬಾಗಿಲು ತೆರೆದಂತೆ ಪಕ್ಕಕ್ಕೆ ಹೊರಳಿಸಿ. ಕುದುರೆಯ ಬೆನ್ನು ಗಡಿಯಾರದ ಎಷ್ಟು ಗಂಟೆಯ ಕಡೆಗಿದೆ ಎಂದು ಗುರುತಿಸಿ ಅದನ್ನೂ ಸೇರಿಸಿ. ಕುದುರೆ ಎಡಕ್ಕೋ ಬಲಕ್ಕೋ, ಅದರ ಹೊಟ್ಟೆಯ ಕೆಳಗೆ ಏನಿದೆ ಎಂಬುದನ್ನು ಫೋಟೋದಲ್ಲಿ ಕಂಡರೂ ಮಾತಿನಲ್ಲಿ ಬರೆಯಿರಿ, ನಿಮ್ಮ ಕಣ್ಣೆದುರು ನಾಣ್ಯವನ್ನು ತಿರುಗಿಸಿದಾಗ ಕಾಣುವುದು ಫೋಟೋದಲ್ಲಿ ಎಷ್ಟೋ ಸಲ ಕಾಣುವುದಿಲ್ಲ.